ಅಮರ ಕ್ಯಾಮೆರಾ ಎಂಬ ಮಿಥ್ಯೆ

ತಯಾರಿಕೆ ನಿಂತುಹೋದ ರೀಲ್ ಕ್ಯಾಮೆರಾಗಳ ಬಗ್ಗೆ ಈಚಿನ ವರ್ಷಗಳಲ್ಲಿ ಆಸಕ್ತಿ ಮತ್ತೆ ಚಿಗುರಿದೆ. ಅದರ ಜೊತೆಗೆ ಒಂದು ನಂಬಿಕೆಯೂ ಯಾರ ಪ್ರಶ್ನೆಗೂ ಒಳಗಾಗದೆ ಬೇರೂರಿದೆ. ಸ್ಪ್ರಿಂಗು, ಸನ್ನೆ, ಹಲ್ಲುಚಕ್ರಗಳಿಂದಲೇ ನಡೆಯುವ, ಬ್ಯಾಟರಿ ಇಲ್ಲದಿದ್ದರೂ ಶಟರ್ ಬಡಿಯುವ ಯಾಂತ್ರಿಕ ಕ್ಯಾಮೆರಾ ತಲೆಮಾರುಗಳನ್ನು ದಾಟಿ ಬಾಳುತ್ತದೆ, ಒಳಗೆ ಸರ್ಕ್ಯೂಟ್ ಇರುವ ಎಲೆಕ್ಟ್ರಾನಿಕ್ ಕ್ಯಾಮೆರಾ ಮಾತ್ರ ಅಲ್ಪಾಯು, ಅದು ಕೆಟ್ಟ ದಿನವೇ ಅದರ ಕೊನೆಯ ದಿನ ಎಂಬುದು ಆ ನಂಬಿಕೆ. ಚೆನ್ನೈಯಲ್ಲಿ ಹಳೆಯ ಕ್ಯಾಮೆರಾ ಕೊಳ್ಳಹೊರಟ ತರುಣರಿಗೆ ಮೊದಲು ಸಿಗುವ ಉಪದೇಶ ಇದೇ. ಮಾರುವವರು ಬೆಲೆ ಕಟ್ಟುವುದೂ ಬಹುಮಟ್ಟಿಗೆ ಇದರ ಮೇಲೆಯೇ. ಈ ನಂಬಿಕೆ ತಪ್ಪು. ಕ್ಯಾಮೆರಾಗಳನ್ನು ದಶಕಗಳ ಕಾಲ ಬದುಕಿಸಿಟ್ಟವರ ದುಡಿಮೆಯನ್ನು ಲೋಹದ ಲೆಕ್ಕಕ್ಕೆ ಬರೆದುಬಿಡುವುದರಿಂದ ಇದು ಅನ್ಯಾಯವೂ ಹೌದು.

ಖಂಡನೆಗೆ ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಂದಿಗೆ ಮಂಡಿಸುವುದು ನಮ್ಮ ವಾದಪರಂಪರೆಯ ಕ್ರಮ, ಮತ್ತು ಈ ಪೂರ್ವಪಕ್ಷ ದುರ್ಬಲವೇನಲ್ಲ. 1976ರಿಂದ 1997ರವರೆಗೆ ತಯಾರಾದ ಪೆಂಟಾಕ್ಸ್ ಕೆ1000, 1982ರಲ್ಲಿ ಬಂದು 2001ರವರೆಗೆ ಉಳಿದ ನಿಕಾನ್ ಎಫ್‌ಎಂ2 ಮೊದಲಾದವುಗಳಲ್ಲಿ ಬ್ಯಾಟರಿ ಬೇಕಾಗುವುದು ಬೆಳಕನ್ನು ಅಳೆಯುವ ಮೀಟರಿಗೆ ಮಾತ್ರ. ಶಟರ್, ಅಂದರೆ ಫಿಲ್ಮಿನ ಮುಂದೆ ಕ್ಷಣಕಾಲ ತೆರೆದು ಮುಚ್ಚುವ ಪರದೆ, ಸ್ಪ್ರಿಂಗಿನ ಬಲದಿಂದಲೇ ಓಡುತ್ತದೆ. ಸವೆದ ಹಲ್ಲುಚಕ್ರ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ, ನುರಿತವನೊಬ್ಬ ಅದನ್ನು ಲೇತ್ ಯಂತ್ರದಲ್ಲಿ ಮತ್ತೆ ಕೊರೆದುಕೊಡಬಲ್ಲ. ಒಂದೇ ಮಾದರಿಗೆಂದು ಕಾರ್ಖಾನೆ ಮಾಡಿಸಿದ ಸಂಯುಕ್ತ ಸರ್ಕ್ಯೂಟ್ ಸುಟ್ಟುಹೋದರೆ ಅದನ್ನು ಮತ್ತೆ ಮಾಡಿಕೊಡಬಲ್ಲವರು ಯಾವ ಬೀದಿಯಲ್ಲೂ ಇಲ್ಲ, ತಯಾರಕರಾದರೋ ಮಾದರಿಯೊಂದನ್ನು ನಿಲ್ಲಿಸಿ ಕೆಲವು ವರ್ಷಗಳಾದ ಮೇಲೆ ಬಿಡಿಭಾಗಗಳ ದಾಸ್ತಾನನ್ನೂ ಮುಗಿಸಿಬಿಡುತ್ತಾರೆ. ಆದುದರಿಂದ ದೀರ್ಘಕಾಲ ನೆಚ್ಚಬೇಕಾದರೆ ಲೋಹವನ್ನೇ ನೆಚ್ಚಬೇಕು ಎನ್ನುತ್ತದೆ ಪೂರ್ವಪಕ್ಷ.

ಈ ವಾದದ ಮೊದಲ ದೋಷ ವಿಶ್ವಾಸಾರ್ಹತೆ ಎಂಬ ಪದದ ಬಳಕೆಯಲ್ಲೇ ಇದೆ. ಎಂಜಿನಿಯರಿಂಗಿನಲ್ಲಿ ಈ ಪದಕ್ಕೆ ಖಚಿತವಾದ ಅರ್ಥವುಂಟು: ನಿರ್ದಿಷ್ಟ ಪರಿಸ್ಥಿತಿಯಲ್ಲಿ, ನಿರ್ದಿಷ್ಟ ಅವಧಿಯವರೆಗೆ, ಒಂದು ಸಾಧನ ತನ್ನ ಕೆಲಸವನ್ನು ತಪ್ಪದೆ ಮಾಡುವ ಸಂಭವನೀಯತೆಯೇ ವಿಶ್ವಾಸಾರ್ಹತೆ. ಪರಿಸ್ಥಿತಿಯನ್ನೂ ಅವಧಿಯನ್ನೂ ಹೇಳದೆ ಕ್ಯಾಮೆರಾವೊಂದನ್ನು ನೆಚ್ಚಬಹುದು ಎನ್ನುವುದು ಊರು ಹೇಳದೆ ದೂರ ಹೇಳಿದಂತೆ. ಜಪಾನಿನ ಕಾರ್ಖಾನೆಯಲ್ಲಿ ಪರೀಕ್ಷೆಗೊಳಗಾದ ಎಫ್‌ಎಂ2ಗೂ, ನಲವತ್ತು ವರ್ಷಗಳ ಬಳಿಕ ಚೆನ್ನೈಯ ತಿರುವಾನ್ಮಿಯೂರಿನ ಸಮುದ್ರದಂಚಿನ ಮನೆಯೊಂದರ ಬೀರುವಿನಲ್ಲಿ ಚರ್ಮದ ಚೀಲದೊಳಗೆ ಕೂತಿರುವ ಎಫ್‌ಎಂ2ಗೂ ಹೆಸರು ಒಂದೇ ಆದರೂ ಸ್ಥಿತಿ ಒಂದೇ ಅಲ್ಲ.

ಎರಡನೆಯ ದೋಷ ಸಾಕ್ಷ್ಯಕ್ಕೆ ಸಂಬಂಧಿಸಿದ್ದು. ಅರ್ಧ ಶತಮಾನ ದಾಟಿಯೂ ಕೆಲಸ ಮಾಡುತ್ತಿರುವ ಯಾಂತ್ರಿಕ ಕ್ಯಾಮೆರಾಗಳನ್ನು ತೋರಿಸಿ ಅವೆಲ್ಲ ಹೀಗೆಯೇ ಬಾಳುತ್ತವೆ ಎನ್ನುವವರು ಉಳಿದವುಗಳನ್ನು ಮಾತ್ರ ಎಣಿಸುತ್ತಾರೆ. ಬಾದಾಮಿ, ಐಹೊಳೆಗಳ ಕಲ್ಲುಗುಡಿಗಳನ್ನು ನೋಡಿ ಆ ಕಾಲದವರು ಕಲ್ಲಿನಲ್ಲಿ ಮಾತ್ರ ಕಟ್ಟುತ್ತಿದ್ದರು ಎಂದು ತೀರ್ಮಾನಿಸಿದರೆ, ಮರದಲ್ಲೂ ಇಟ್ಟಿಗೆಯಲ್ಲೂ ಕಟ್ಟಿ ಕಾಲಕ್ಕೆ ಸಂದುಹೋದ ಅಸಂಖ್ಯ ಕಟ್ಟಡಗಳನ್ನು ಮರೆತಂತಾಗುತ್ತದೆ; ತೂಕದ ಲೆಕ್ಕದಲ್ಲಿ ಗುಜರಿಗೆ ಹೋದ ಕ್ಯಾಮೆರಾಗಳ ಮಾತೂ ಅಷ್ಟೇ. ಇನ್ನೂ ಮುಖ್ಯವಾದುದೆಂದರೆ, ಉಳಿದುಬಂದ ಕ್ಯಾಮೆರಾಗಳಲ್ಲಿ ಬಹುಪಾಲು ತಾವಾಗಿ ಉಳಿದವಲ್ಲ. ಅವುಗಳ ತಳದ ತಗಡನ್ನು ಬಿಚ್ಚಿ ನೋಡಿದರೆ ಸ್ಕ್ರೂಗಳ ತಲೆಯಲ್ಲಿ ಹಿಂದೊಮ್ಮೆ ಬಿಚ್ಚಿ ಕಟ್ಟಿದ ಗುರುತು ಕಾಣುವುದು ಸಾಮಾನ್ಯ. ಯಾರೋ ತೆರೆದಿದ್ದಾರೆ, ಹಳೆಯ ಗ್ರೀಸ್ ಒರೆಸಿ ಹೊಸದು ಹಚ್ಚಿದ್ದಾರೆ, ಪರದೆಯ ಬಿಗಿತವನ್ನು ಸರಿಪಡಿಸಿದ್ದಾರೆ. ಮಾರುವಾಗ ಈ ಗುರುತುಗಳನ್ನು ಕುಂದೆಂದೂ, ಎಂದೂ ತೆರೆಯದ ಕ್ಯಾಮೆರಾವನ್ನು ಶ್ರೇಷ್ಠವೆಂದೂ ಎಣಿಸುವ ರೂಢಿ ಬೆಳೆದಿರುವುದು ಈ ನಂಬಿಕೆಯ ಅತ್ಯಂತ ವಿಷಾದಕರವಾದ ಫಲ.

ಚೆನ್ನೈಯಂಥ ಕರಾವಳಿ ನಗರದಲ್ಲಿ ಕ್ಯಾಮೆರಾಕ್ಕೆ ಮೊದಲು ಬರುವ ಕಾಯಿಲೆಗಳಿಗೆ ಯಾಂತ್ರಿಕ, ಎಲೆಕ್ಟ್ರಾನಿಕ್ ಎಂಬ ಜಾತಿಭೇದವಿಲ್ಲ. ಗಾಳಿಯ ತೇವಾಂಶ ಶೇ 60–65ರ ಮಿತಿಯನ್ನು ದಾಟಿ ಬಹುಕಾಲ ನಿಂತರೆ ಲೆನ್ಸಿನ ಗಾಜಿನ ಮೇಲೆ ಬೂಷ್ಟು ಹಿಡಿಯುತ್ತದೆ. ರಿಪೇರಿಯವರ ಮಾತಿನಲ್ಲಿ ಇದು ಫಂಗಸ್. ಚೆನ್ನೈಯಲ್ಲಿ ತೇವಾಂಶ ಈ ಮಿತಿಗಿಂತ ಕೆಳಗಿಳಿಯುವ ದಿನಗಳೇ ಕಡಿಮೆ, ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರಿನಲ್ಲಂತೂ ಕೇಳುವಂತೆಯೇ ಇಲ್ಲ. ಜೇಡರ ಬಲೆಯ ಎಳೆಗಳಂತೆ ಹಬ್ಬುವ ಈ ಬೂಷ್ಟು ಗಾಜಿನ ಮೇಲಿನ ಧೂಳು ಮತ್ತು ಜಿಡ್ಡನ್ನು ತಿಂದು ಆಮ್ಲವನ್ನು ಸ್ರವಿಸುತ್ತದೆ, ಆ ಆಮ್ಲ ಲೆನ್ಸಿನ ಲೇಪವನ್ನು ಕೊರೆಯುತ್ತದೆ. ಮೊದಲ ಹಂತದಲ್ಲಿ ಲೆನ್ಸ್ ಬಿಚ್ಚಿ ಒರೆಸಿದರೆ ಗಾಜು ಉಳಿಯುತ್ತದೆ, ತಡಮಾಡಿದರೆ ಗೀರು ಶಾಶ್ವತ. ಕ್ಯಾಮೆರಾದ ಜೊತೆಗೇ ಬಂದ ಚೆಂದದ ಚರ್ಮದ ಕವಚದಲ್ಲಿ ಅದನ್ನು ಮುಚ್ಚಿ, ಬೀರುವಿನಲ್ಲಿ ರೇಷ್ಮೆ ಸೀರೆಗಳ ಪಕ್ಕದಲ್ಲಿ ಭದ್ರವಾಗಿ ಇಡುವುದೆಂದರೆ ಬೂಷ್ಟಿಗೆ ಮನೆ ಕಟ್ಟಿಕೊಟ್ಟಂತೆ, ಏಕೆಂದರೆ ಚರ್ಮ ತೇವವನ್ನು ಹೀರಿ ಒಳಗೇ ಹಿಡಿದಿಡುತ್ತದೆ. ಗಾಳಿಯಾಡುವ ಕಪಾಟು, ತೇವ ಹೀರಿದಾಗ ನೀಲಿಯಿಂದ ಗುಲಾಬಿಗೆ ತಿರುಗುವ ಸಿಲಿಕಾ ಜೆಲ್ ಹರಳು, ಆಗಾಗ ಕೈಯಲ್ಲಿ ಹಿಡಿದು ಬಳಸುವ ಅಭ್ಯಾಸ, ಇವು ಕ್ಯಾಮೆರಾದ ಆಯುಸ್ಸಿಗೆ ಅದರ ಲೋಹದ ದಪ್ಪಕ್ಕಿಂತ ಹೆಚ್ಚು ಕೊಡುಗೆ ನೀಡುತ್ತವೆ.

ಗ್ರೀಸ್‌ನ ಕಥೆ ಇನ್ನೊಂದು ಬಗೆಯದು. ಯಾಂತ್ರಿಕ ಕ್ಯಾಮೆರಾದ ಪ್ರಾಣವಿರುವುದೇ ಈ ಜಿಡ್ಡಿನ ತೆಳು ಪದರದಲ್ಲಿ. ಬಿರುಬೇಸಿಗೆಯ ಅಗ್ನಿನಕ್ಷತ್ರದ ದಿನಗಳಲ್ಲಿ 40 ಡಿಗ್ರಿ ದಾಟುವ ಸೆಕೆಗೆ ಗ್ರೀಸ್‌ನೊಳಗಿನ ಎಣ್ಣೆ ಬೇರ್ಪಟ್ಟು ಹರಿದು, ಲೆನ್ಸಿನೊಳಗೆ ಬೆಳಕಿನ ಪ್ರಮಾಣವನ್ನು ನಿಯಂತ್ರಿಸುವ ಅಪರ್ಚರ್ ಎಲೆಗಳ ಮೇಲೆ ಕೂರುತ್ತದೆ. ಆಗ ಆ ಎಲೆಗಳು ಒಂದಕ್ಕೊಂದು ಅಂಟಿ, ಮುಚ್ಚಬೇಕಾದ ಹೊತ್ತಿಗೆ ಮುಚ್ಚುವುದಿಲ್ಲ. ಎಣ್ಣೆ ಬಿಟ್ಟುಹೋದ ಗ್ರೀಸ್ ಮೇಣದಂತೆ ಗಟ್ಟಿಯಾಗಿ ಹಲ್ಲುಚಕ್ರಗಳನ್ನು ಹಿಡಿದುಕೊಳ್ಳುತ್ತದೆ. ಒಂದು ಸೆಕೆಂಡು, ಅರ್ಧ ಸೆಕೆಂಡಿನಂಥ ನಿಧಾನ ವೇಗಗಳನ್ನು ಅಳೆದುಕೊಡುವ ಗವರ್ನರ್ ಎಂಬ ಪುಟ್ಟ ಚಕ್ರಜೋಡಣೆ ಮೊದಲು ತೊದಲಿ, ಆಮೇಲೆ ನಿಂತೇಬಿಡುತ್ತದೆ. ವೇಗದ ತುದಿಯಲ್ಲಿ ತೊಂದರೆ ಬೇರೆ ರೂಪ ತಾಳುತ್ತದೆ: ಸೆಕೆಂಡಿನ ಸಾವಿರದಲ್ಲೊಂದು ಭಾಗವೆಂದು ಗುಂಡಿಯ ಮೇಲೆ ಬರೆದಿದ್ದರೂ ಪರದೆ ಅದಕ್ಕಿಂತ ಬಹಳ ಹೆಚ್ಚು ಹೊತ್ತು ತೆರೆದಿರುತ್ತದೆ, ಅಥವಾ ಹಿಂದಿನ ಪರದೆ ಮುಂದಿನದನ್ನು ಅಟ್ಟಿ ಹಿಡಿದು ಚಿತ್ರದ ಒಂದಂಚು ಕಪ್ಪಾಗುತ್ತದೆ. ಕಿವಿಗೆ ಮಾತ್ರ ಶಟರ್ ಎಂದಿನಂತೆ ಚಟ್ಟೆಂದು ಬಡಿಯುತ್ತದೆ. ಯಾಂತ್ರಿಕ ಕ್ಯಾಮೆರಾ ಕೆಡುವುದಿಲ್ಲ ಎಂಬ ಭ್ರಮೆಗೆ ಈ ಶಬ್ದವೇ ಮೂಲ. ಎಲೆಕ್ಟ್ರಾನಿಕ್ ಕ್ಯಾಮೆರಾ ಕೆಟ್ಟಾಗ ಮೌನವಾಗುತ್ತದೆ, ಯಾಂತ್ರಿಕ ಕ್ಯಾಮೆರಾ ಕೆಟ್ಟಮೇಲೂ ಸದ್ದು ಮಾಡುತ್ತಲೇ ಇರುತ್ತದೆ. ಅದರ ಕೇಡು ತಿಳಿಯುವುದು ರೀಲು ತೊಳೆದುಬಂದ ಮೇಲೆ, ಮದುವೆಯೋ ನಾಮಕರಣವೋ ಮುಗಿದುಹೋದ ಮೇಲೆ.

ಯಾಂತ್ರಿಕ, ಎಲೆಕ್ಟ್ರಾನಿಕ್ ಎಂಬ ವಿಭಜನೆಯಾದರೂ ಎಷ್ಟು ಗಟ್ಟಿಯಾದುದು? ಒಳಗೆ ಮೈಕ್ರೊಪ್ರೊಸೆಸರ್ ಇಟ್ಟುಕೊಂಡು 1976ರಲ್ಲಿ ಬಂದು ಲೋಕಪ್ರಸಿದ್ಧವಾದ ಕ್ಯಾನನ್ ಎಇ-1ರ ಅತಿ ಸಾಮಾನ್ಯ ದೂರು ಶಟರ್ ಒತ್ತಿದಾಗ ಕೇಳುವ ಕೀಚಲು ಸದ್ದು. ಕನ್ನಡಿಯ ಚಲನೆಗೆ ಕಡಿವಾಣ ಹಾಕುವ ಚಕ್ರಗಳಲ್ಲಿ ಎಣ್ಣೆ ಒಣಗುವುದೇ ಅದಕ್ಕೆ ಕಾರಣ, ಸರಿಯಾದ ಜಾಗಕ್ಕೆ ಸರಿಯಾದ ಹನಿ ಎಣ್ಣೆ ತಲುಪಿಸುವುದೇ ಅದರ ಚಿಕಿತ್ಸೆ. 1966ರ ಯಾಶಿಕಾ ಎಲೆಕ್ಟ್ರೊ 35 ತನ್ನ ಹೆಸರಿನಲ್ಲೇ ವಿದ್ಯುತ್ತನ್ನು ಹೊತ್ತಿದೆ, ಆದರೂ ಅದನ್ನು ಹೆಚ್ಚಾಗಿ ಕೆಡಿಸಿದ್ದು ಒಳಗಿನ ಸಣ್ಣದೊಂದು ರಬ್ಬರ್ ಮೆತ್ತೆ. ಅದು ಕಾಲಕ್ರಮದಲ್ಲಿ ಪುಡಿಯಾದಾಗ ವಿದ್ಯುತ್ ಸಂಪರ್ಕಗಳು ಹೊತ್ತಿಗೆ ಸರಿಯಾಗಿ ಕೂಡದೆ ಬೆಳಕಿನ ಲೆಕ್ಕವೆಲ್ಲ ತಪ್ಪುತ್ತದೆ. ಇತ್ತ ಯಾಂತ್ರಿಕ ಕ್ಯಾಮೆರಾಗಳಲ್ಲಿ ಶ್ರೇಷ್ಠವೆಂದು ಹೆಸರಾದ ಒಲಿಂಪಸ್ ಓಎಂ-1ರಲ್ಲಿ, ಮೇಲಿನ ಪಟ್ಟಕದ ಸುತ್ತ ಅಂಟಿಸಿದ ಸ್ಪಂಜು ಕೊಳೆತು ಪಟ್ಟಕದ ಬೆಳ್ಳಿಲೇಪವನ್ನು ತಿನ್ನುತ್ತದೆ. ಅದರ ಮೀಟರಿಗೆ ಬೇಕಾಗಿದ್ದ 1.35 ವೋಲ್ಟಿನ ಪಾದರಸದ ಬ್ಯಾಟರಿ ವಿಷಕಾರಿಯೆಂಬ ಕಾರಣಕ್ಕೆ ಮಾರುಕಟ್ಟೆಯಿಂದಲೇ ಮರೆಯಾಗಿದೆ. ಅದರ ಜಾಗಕ್ಕೆ 1.5 ವೋಲ್ಟಿನ ಸಾಮಾನ್ಯ ಬ್ಯಾಟರಿ ಹಾಕಿದರೆ ಮೀಟರ್ ಸುಳ್ಳು ಹೇಳುತ್ತದೆ. ಕಿವುಡರ ಶ್ರವಣಸಾಧನಕ್ಕೆ ಹಾಕುವ ಸತು-ಗಾಳಿ ಬ್ಯಾಟರಿ ಸುಮಾರು 1.4 ವೋಲ್ಟ್ ಕೊಡುವುದರಿಂದ ಅದೇ ಈಗ ಅನೇಕರಿಗೆ ಆಸರೆ. ಎಲೆಕ್ಟ್ರಾನಿಕ್ ಎಂದು ಹೀಗಳೆಯಲಾಗುವ ನಿಕಾನ್ ಎಫ್3, ವೃತ್ತಿಪರರ ಕ್ಯಾಮೆರಾವಾಗಿ 1980ರಿಂದ 2001ರವರೆಗೆ ತಯಾರಿಕೆಯಲ್ಲಿ ಉಳಿದದ್ದು. ಅದರ ಶಟರಿನ ಕಾಲವನ್ನು ನಿರ್ಧರಿಸುವುದು ಸ್ಫಟಿಕದ ಮಿಡಿತ, ಪರದೆಯನ್ನು ಓಡಿಸುವುದು ಅದೇ ಹಳೆಯ ಸ್ಪ್ರಿಂಗು. ಬರಿಯ ಎಲೆಕ್ಟ್ರಾನಿಕ್ ರೀಲ್ ಕ್ಯಾಮೆರಾ ಎಂಬುದು ಇಲ್ಲವೇ ಇಲ್ಲ.

ಬಿಡಿಭಾಗದ ವಾದವನ್ನು ಚೆನ್ನೈಯ ಬೀದಿಗಿಳಿಸಿ ನೋಡಿದರೆ ಅದು ಬಹಳಷ್ಟು ಸಲ ತಲೆಕೆಳಗಾಗುತ್ತದೆ. 1981ರ ಮಿನೋಲ್ಟಾ ಎಕ್ಸ್-700 ಒಮ್ಮೆಲೇ ಸತ್ತಂತಾಗಿ, ಸನ್ನೆ ಎಳೆದರೂ ಶಟರ್ ಬಿಡದೆ ನಿಲ್ಲುವುದುಂಟು. ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಟ್ಟು ಬಿಡುವ ಕೆಪಾಸಿಟರ್ ಎಂಬ ಪುಟ್ಟ ಭಾಗ ಸೋತಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಅದೇ ಅಳತೆಯ ಕೆಪಾಸಿಟರ್ ಅಣ್ಣಾ ಸಾಲೈಯ ಮಗ್ಗುಲಿನ ರಿಚಿ ಸ್ಟ್ರೀಟಿನ ಎಲೆಕ್ಟ್ರಾನಿಕ್ ಅಂಗಡಿಗಳಲ್ಲಿ ಕಾಫಿಯ ಬೆಲೆಗಿಂತ ಕಡಿಮೆಗೆ ಸಿಗುವಂಥದು. ಬೆಸುಗೆ ಬಲ್ಲ ಕೈ ಅದನ್ನು ಕೂರಿಸಿದರೆ ಕ್ಯಾಮೆರಾ ಎದ್ದು ಕೂರುತ್ತದೆ. ಯಾಂತ್ರಿಕ ಕ್ಯಾಮೆರಾದ ಮುರಿದ ಹಲ್ಲುಚಕ್ರವಾದರೋ ಯಾವ ಅಂಗಡಿಯಲ್ಲೂ ಇಲ್ಲ. ಲೇತಿನಲ್ಲಿ ಕೊರೆಯಬಹುದು ಎಂಬುದು ಹೇಳಲು ಸುಲಭ. ಒಂದೇ ಒಂದು ಗಟ್ಟಿ ಉಕ್ಕಿನ ಚಕ್ರವನ್ನು ಮಿಲಿಮೀಟರಿನ ನೂರನೆಯ ಭಾಗದ ನಿಖರತೆಯಲ್ಲಿ ಕೊರೆಯಲು ಆಗುವ ವೆಚ್ಚ ಕ್ಯಾಮೆರಾದ ಬೆಲೆಯನ್ನೇ ಮೀರುತ್ತದೆ. ಆದುದರಿಂದ ವಾಸ್ತವದಲ್ಲಿ ಅದು ಬರುವುದು ಸತ್ತ ಇನ್ನೊಂದು ಕ್ಯಾಮೆರಾದ ಒಡಲಿನಿಂದ. ಸತ್ತ ಕ್ಯಾಮೆರಾದಿಂದ ಸರ್ಕ್ಯೂಟನ್ನೂ ತೆಗೆಯಬಹುದು ಎಂಬುದನ್ನು ಪೂರ್ವಪಕ್ಷ ಮರೆಯುತ್ತದೆ.

ಪೂರ್ವಪಕ್ಷಕ್ಕೆ ಸಲ್ಲಬೇಕಾದ ಒಂದು ಮಾತನ್ನು ಇಲ್ಲಿ ಸಲ್ಲಿಸಲೇಬೇಕು. 1990ರ ದಶಕದ ಜೇಬುಗಾತ್ರದ ಸ್ವಯಂಚಾಲಿ ಕ್ಯಾಮೆರಾಗಳಲ್ಲಿ ತೆಳು ಪಟ್ಟಿಯಂಥ ಬಾಗುವ ಸರ್ಕ್ಯೂಟುಗಳು ಬಿರುಕು ಬಿಟ್ಟರೆ, ನಿಯಂತ್ರಕ ಸರ್ಕ್ಯೂಟ್ ಸುಟ್ಟರೆ, ದುರಸ್ತಿ ಬಹುತೇಕ ಅಸಾಧ್ಯ. ಅಂಥವುಗಳನ್ನು ಇಂದು ಏರಿದ ಬೆಲೆಗೆ ಕೊಳ್ಳುವುದು ವಿವೇಕವಲ್ಲ. ಒಂದು ವರ್ಗಕ್ಕೆ ಒಪ್ಪುವ ಈ ಮಾತನ್ನು ಎಲ್ಲ ಎಲೆಕ್ಟ್ರಾನಿಕ್ ಕ್ಯಾಮೆರಾಗಳಿಗೂ ಹಚ್ಚುವುದು ಮಾತ್ರ ಸಲ್ಲದು.

ಲೋಹ ಕಾಯುವುದಿಲ್ಲ ಎಂದಮೇಲೆ ಕ್ಯಾಮೆರಾವನ್ನು ಕಾಯ್ದವರು ಯಾರು ಎಂಬ ಪ್ರಶ್ನೆಗೆ ಉತ್ತರ ಮದರಾಸಿನ ಚಿತ್ರಸ್ಟುಡಿಯೊಗಳ ನೆಲೆಯಾದ ಕೋಡಂಬಾಕ್ಕಮ್ಮಿನ ಇತಿಹಾಸದಲ್ಲೇ ಇದೆ. 1954ರ ‘ಬೇಡರ ಕಣ್ಣಪ್ಪ’ದ ಕಾಲದಿಂದ 1970ರ ದಶಕದವರೆಗೂ ಕನ್ನಡ ಚಿತ್ರರಂಗ ಬಹುಮಟ್ಟಿಗೆ ಮದರಾಸಿನ ಸ್ಟುಡಿಯೊಗಳನ್ನೇ ಆಶ್ರಯಿಸಿತ್ತು. ಅಲ್ಲಿನ ಮಿಚೆಲ್, ಆರಿಫ್ಲೆಕ್ಸ್ ಕ್ಯಾಮೆರಾಗಳು ದಶಕಗಳ ಕಾಲ ದುಡಿದವು; ಅವು ಹಾಗೆ ದುಡಿದದ್ದು ಪ್ರತಿ ಶಾಟಿನ ನಂತರ ಗೇಟನ್ನು, ಅಂದರೆ ಫಿಲ್ಮ್ ಬೆಳಕಿಗೆ ಒಡ್ಡಿಕೊಳ್ಳುವ ಕಿಂಡಿಯನ್ನು, ದೀಪ ಹಿಡಿದು ನೋಡಿ ಕೂದಲೆಳೆಯಷ್ಟು ಕಸವನ್ನೂ ತೆಗೆಯುತ್ತಿದ್ದ, ಪ್ರತಿದಿನ ಒರೆಸಿ ಎಣ್ಣೆ ಹಾಕುತ್ತಿದ್ದ ಸಹಾಯಕರಿಂದ. ಬಾಡಿಗೆ ಕ್ಯಾಮೆರಾ ಒಂಟಿಯಾಗಿ ಹೋಗುತ್ತಿರಲಿಲ್ಲ, ಅದನ್ನು ಬಲ್ಲ ಆಳಿನೊಂದಿಗೇ ಹೋಗುತ್ತಿತ್ತು. ಆ ಆಳುಗಳ ಹೆಸರು ಚಿತ್ರದ ಶೀರ್ಷಿಕೆಪಟ್ಟಿಯಲ್ಲಿ ಕಾಣುವುದು ಅಪರೂಪ, ಆರಿಫ್ಲೆಕ್ಸಿನ ಹೆಸರು ಮಾತ್ರ ಎಲ್ಲರ ನಾಲಗೆಯ ಮೇಲಿದೆ.

ಇದೇ ನಗರದ ಮೈಲಾಪುರದಲ್ಲಿ ಡಿಸೆಂಬರಿನ ಸಂಗೀತೋತ್ಸವ ಹತ್ತಿರ ಬಂದಾಗ ಮೃದಂಗಗಳು ಮುಚ್ಚಿಗೆಯ ಚರ್ಮ ಬದಲಿಸಲು, ನಡುವಿನ ಕಪ್ಪು ಲೇಪವಾದ ಕರಣೆಯನ್ನು ಸರಿಪಡಿಸಲು ಕುಶಲಕರ್ಮಿಗಳ ಬಳಿಗೆ ಹೋಗುತ್ತವೆ. ಪದೇಪದೇ ಚರ್ಮ ಬದಲಿಸಬೇಕಾದ ಮೃದಂಗವನ್ನು ನೆಚ್ಚಲಾಗದ ವಾದ್ಯವೆಂದು ಯಾವ ವಿದ್ವಾಂಸನೂ ಕರೆದದ್ದಿಲ್ಲ, ಏಕೆಂದರೆ ವಾದ್ಯವೆಂದರೆ ಮರ, ಚರ್ಮ ಮತ್ತು ಅದನ್ನು ಕಟ್ಟುವ ಕೈ ಮೂರೂ ಸೇರಿದ್ದು ಎಂಬ ಅರಿವು ಅಲ್ಲಿದೆ. ಆ ಕೈಗಳಿಗೆ ಸಲ್ಲಬೇಕಾದ ಮನ್ನಣೆ ಅಲ್ಲೂ ಸಂದಿರಲಿಲ್ಲ, ಗಾಯಕ ಟಿ. ಎಂ. ಕೃಷ್ಣ ಅವರ ‘ಸೆಬಾಸ್ಟಿಯನ್ ಆ್ಯಂಡ್ ಸನ್ಸ್’ 2020ರಲ್ಲಿ ಮೃದಂಗ ತಯಾರಕರ ಚರಿತ್ರೆಯನ್ನು ಬರೆದು ಆ ಕೊರತೆಯನ್ನು ಎತ್ತಿ ತೋರಿಸಿತು. ಕ್ಯಾಮೆರಾ ರಿಪೇರಿಯವರ ಬಗ್ಗೆ ಅಂಥದೊಂದು ಪುಸ್ತಕ ಬರಬೇಕಾದುದು ನ್ಯಾಯ.

ಮದರಾಸಿನ ಎಂ. ಕೃಷ್ಣನ್ ಅವರ ಉದಾಹರಣೆ ಈ ಸಂದರ್ಭದಲ್ಲಿ ತುಂಬ ಬೆಲೆಯುಳ್ಳದ್ದು. 1912ರಲ್ಲಿ ಹುಟ್ಟಿ 1996ರಲ್ಲಿ ತೀರಿಕೊಂಡ, 1940ರ ದಶಕದಲ್ಲಿ ಬಳ್ಳಾರಿ ಸೀಮೆಯ ಸಂಡೂರು ಸಂಸ್ಥಾನದಲ್ಲಿ ಕೆಲಸ ಮಾಡಿದ್ದ ಈ ನಿಸರ್ಗತಜ್ಞರು, ಒಂದು ತಯಾರಿಕೆಯ ಕ್ಯಾಮೆರಾ ಒಡಲಿಗೆ ಇನ್ನೊಂದರ ಟೆಲಿಫೋಟೊ ಲೆನ್ಸನ್ನು ಜೋಡಿಸಿ, ಉಳಿದ ಭಾಗಗಳನ್ನು ತಾವೇ ಹೊಂದಿಸಿಕೊಂಡು ಕಟ್ಟಿದ ಭಾರಿ ಉಪಕರಣಕ್ಕೆ ಸೂಪರ್ ಪಾಂಡೆರೋಸಾ ಎಂದು ಹೆಸರಿಟ್ಟಿದ್ದರು. ದಕ್ಷಿಣ ಭಾರತದ ಕಾಡುಗಳ ಆನೆಗಳನ್ನು ಕಪ್ಪು-ಬಿಳುಪಿನಲ್ಲಿ ಸೆರೆಹಿಡಿದ ಆ ಉಪಕರಣ ಯಾವ ಕಂಪನಿಯ ಪಟ್ಟಿಯಲ್ಲೂ ಇರಲಿಲ್ಲ, ಅದಕ್ಕೆ ಯಾವ ಗ್ಯಾರಂಟಿಯೂ ಇರಲಿಲ್ಲ. ಅದು ನೆಚ್ಚಲು ಯೋಗ್ಯವಾದದ್ದು ಅದರ ಪ್ರತಿಯೊಂದು ಸ್ಕ್ರೂವನ್ನೂ ಬಲ್ಲವನೊಬ್ಬ ಅದರ ಹಿಂದೆ ನಿಂತಿದ್ದುದರಿಂದ. ನೆರೆಯ ಕೇರಳದ ಆಲಪ್ಪುಳದಲ್ಲಿ 1946ರಲ್ಲಿ ಆರಂಭವಾಗಿ ದೇಶದ ಅನೇಕ ಸ್ಟುಡಿಯೊಗಳನ್ನು ಸೇರಿದ ವಾಗೀಶ್ವರಿ ಮರದ ಕ್ಯಾಮೆರಾದ ಹುಟ್ಟೂ ದುರಸ್ತಿಯಲ್ಲೇ ಇದೆ: ಸಂಗೀತವಾದ್ಯಗಳನ್ನು ಸರಿಪಡಿಸುತ್ತಿದ್ದ ಮನೆತನಕ್ಕೆ ಕ್ಯಾಮೆರಾವೊಂದರ ತಿದಿ, ಅಂದರೆ ಹಿಗ್ಗಿ ಕುಗ್ಗುವ ಮಡಿಕೆಚೀಲ, ರಿಪೇರಿಗೆ ಬಂತು, ಅದನ್ನು ಸರಿಮಾಡಿದ ಕೆ. ಕರುಣಾಕರನ್ ಮುಂದೆ ಇಡೀ ಕ್ಯಾಮೆರಾವನ್ನೇ ಕಟ್ಟಿದರು.

ಯಾಂತ್ರಿಕ ಅಮರತ್ವದ ನಂಬಿಕೆ ನಿರುಪದ್ರವಿಯಾಗಿದ್ದರೆ ಅದನ್ನು ಇಷ್ಟು ವಿಸ್ತಾರವಾಗಿ ಖಂಡಿಸುವ ಅಗತ್ಯ ಬೀಳುತ್ತಿರಲಿಲ್ಲ. ಕೆಡದ ವಸ್ತುವಿಗೆ ಸರ್ವಿಸ್ ಬೇಡ ಎಂಬುದು ಈ ನಂಬಿಕೆಯ ಸಹಜ ಮುಂದುವರಿಕೆ, ಹಾಗಾಗಿ ಕ್ಯಾಮೆರಾಕ್ಕೆ ಸಾವಿರಾರು ರೂಪಾಯಿ ಸುರಿಯುವವರು ಅದನ್ನು ಬಿಚ್ಚಿ, ತೊಳೆದು, ವೇಗಗಳನ್ನು ಅಳೆದು, ಮತ್ತೆ ಕಟ್ಟುವ ಎರಡು ದಿನಗಳ ಕೆಲಸಕ್ಕೆ ಅದರ ಒಂದಂಶ ಕೊಡಲೂ ಚೌಕಾಸಿ ಮಾಡುತ್ತಾರೆ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಳ್ಳುವ ಕ್ಯಾಮೆರಾ ಉಳಿದ ದಿನಗಳಲ್ಲಿ ತನ್ನನ್ನು ನೋಡಿಕೊಳ್ಳುವ ಕೈಗೆ ಕೂಲಿ ದೊರಕಿಸುವುದಿಲ್ಲ. ಎಲೆಕ್ಟ್ರಾನಿಕ್ ಕ್ಯಾಮೆರಾಗಳಾದರೋ ಒಂದು ಬೆಸುಗೆಯಲ್ಲಿ ಸರಿಹೋಗಬಹುದಾಗಿದ್ದರೂ ಪರೀಕ್ಷೆಯಿಲ್ಲದೆ ಗುಜರಿ ಸೇರುತ್ತವೆ. ಆಮದಿನ ಮೇಲೆ ಬಿಗಿ ನಿರ್ಬಂಧಗಳಿದ್ದ ದಶಕಗಳಲ್ಲಿ, ಬರ್ಮಾದಿಂದ ಮರಳಿದ ತಮಿಳರಿಗಾಗಿ ಹುಟ್ಟಿಕೊಂಡ ಬರ್ಮಾ ಬಜಾರಿನಲ್ಲಿ ಕೊಂಡ ಅಥವಾ ಬಂಧುಗಳ ಸಾಮಾನಿನ ಜೊತೆ ಸಿಂಗಾಪುರದಿಂದ ಬಂದ ಕ್ಯಾಮೆರಾಗಳಿಗೆ ಕಂಪನಿಯ ಸೇವೆ ಇರಲಿಲ್ಲ. ಅವನ್ನು ನಡೆಸಿಕೊಂಡು ಬಂದವರು ಮೇಜಿನ ಮೇಲೆ ದೀಪ, ಕಣ್ಣಿಗೆ ಭೂತಗನ್ನಡಿ, ಡಬ್ಬಿಗಳಲ್ಲಿ ವಿಂಗಡಿಸಿದ ಹಳೆಯ ಸ್ಕ್ರೂಗಳೊಂದಿಗೆ ಕೂತ ರಿಪೇರಿಯವರು. ಡಿಜಿಟಲ್ ಬಂದು ಆ ಮೇಜುಗಳಲ್ಲಿ ಹೆಚ್ಚಿನವು ಖಾಲಿಯಾದವು. ಮಕ್ಕಳು ಬೇರೆ ಕಸುಬು ಹಿಡಿದರು, ಹಿಡಿಯದೆ ಗತಿಯಿರಲಿಲ್ಲ.

ಆ ಜ್ಞಾನ ಕಳೆದುಹೋದರೆ ಏನಾಗುತ್ತದೆ ಎಂಬುದನ್ನು ತಯಾರಕರೇ ತೋರಿಸಿಕೊಟ್ಟಿದ್ದಾರೆ. ಕೆ1000ರಂಥ ಕ್ಯಾಮೆರಾವನ್ನು ಎರಡು ದಶಕ ಮಾಡಿದ ಪೆಂಟಾಕ್ಸ್, 2022ರ ಕೊನೆಯಲ್ಲಿ ಹೊಸ ರೀಲ್ ಕ್ಯಾಮೆರಾವೊಂದನ್ನು ಮಾಡುವ ಯೋಜನೆ ಪ್ರಕಟಿಸಿ, 2024ರಲ್ಲಿ ಪೆಂಟಾಕ್ಸ್ 17 ಎಂಬ ಕ್ಯಾಮೆರಾವನ್ನು ಹೊರತಂದಿತು. ಕೈಯಿಂದ ರೀಲು ಸುತ್ತುವ ಸನ್ನೆಯ ಒಳಜೋಡಣೆಯನ್ನು ಮತ್ತೆ ಕಲಿಯಲು ಆ ಸಂಸ್ಥೆ ತನ್ನ ನಿವೃತ್ತ ಎಂಜಿನಿಯರುಗಳ ಮೊರೆಹೋಗಬೇಕಾಯಿತು: ಹಳೆಯ ನಕ್ಷೆಗಳು ಕಡತದಲ್ಲಿದ್ದವು, ಅವುಗಳನ್ನು ಓದಿ ಯಾವ ಚಕ್ರ ಏಕೆ ಹಾಗಿದೆ ಎಂದು ಹೇಳಬಲ್ಲವರು ಮನೆಗೆ ಹೋಗಿದ್ದರು. ಚೆನ್ನೈಯ ರಿಪೇರಿಯವರಲ್ಲಿ ಅಂಥ ನಕ್ಷೆಗಳೂ ಇಲ್ಲ. ಯಾವ ಮಾದರಿಯ ಯಾವ ಸ್ಕ್ರೂ ಎಡಕ್ಕೆ ತಿರುಗುತ್ತದೆ, ಹಿಂಗಾರಿನಲ್ಲಿ ಯಾವ ಗ್ರೀಸ್ ನಿಲ್ಲುತ್ತದೆ, ಯಾವ ಪರದೆಯ ಬಿಗಿತವನ್ನು ಎಷ್ಟು ಸುತ್ತು ಸಡಿಲಿಸಬೇಕು ಎಂಬುದೆಲ್ಲ ಅವರ ಬೆರಳುಗಳಲ್ಲಿದೆ. ಅದನ್ನು ಕಲಿಯಲು ಪಕ್ಕದಲ್ಲಿ ಕೂರುವ ಹುಡುಗನಿಗೆ ಮೊದಲ ಎರಡು ವರ್ಷ ಯಾರು ಸಂಬಳ ಕೊಡಬೇಕು ಎಂಬುದನ್ನು ಅಮರ ಕ್ಯಾಮೆರಾವನ್ನು ಕೊಂಡಾಡುವವರು ಇನ್ನೂ ಕೇಳಿಕೊಂಡಿಲ್ಲ.